ಸೊಳ್ಳೆ ಇಲ್ಲದ ದ್ವೀಪ

ಬಿಳಿ ಮರಳು, ನೀಲಿ ನೀರು, ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಜೋಲಿ. ದ್ವೀಪದ ರೆಸಾರ್ಟುಗಳ ಫೋಟೊ ಎಲ್ಲಾ ಹೀಗೇ ಇರುತ್ತವೆ. ಜೋಲಿಯಲ್ಲಿ ಮಲಗಿದವರು ಒಬ್ಬರೂ ಕಾಲು ಕೆರೆದುಕೊಳ್ಳುತ್ತಿರುವುದಿಲ್ಲ. ನನಗೆ ಅನುಮಾನ ಬರುವುದೇ ಅಲ್ಲಿ.

ನಮ್ಮ ಮನೆಯಲ್ಲಿ ದ್ವೀಪದ ಮಾತು ಬಂದರೆ ಹೆಂಡತಿ ಸಮುದ್ರದ ಬಣ್ಣ ನೋಡುತ್ತಾಳೆ, ಮಗ ವೈಫೈ ಇದೆಯಾ ಅಂತ ನೋಡುತ್ತಾನೆ, ನಾನು ಸೊಳ್ಳೆ ವಿಚಾರಿಸುತ್ತೇನೆ. ಹತ್ತು ಜನ ಕೂತಿದ್ದರೂ ಸೊಳ್ಳೆ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಉಳಿದ ಒಂಬತ್ತು ಜನ ‘ಇಲ್ಲಿ ಸೊಳ್ಳೆನೇ ಇಲ್ಲ ಅಲ್ವಾ?’ ಅಂತ ಆರಾಮಾಗಿರುತ್ತಾರೆ.

ಮಾಲ್ಡೀವ್ಸ್ 2015ರಲ್ಲಿ, ಶ್ರೀಲಂಕಾ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾ ಮುಕ್ತ ಅನ್ನಿಸಿಕೊಂಡವು. ಓದಿ ಟಿಕೆಟ್ ಮಾಡಿಸಲು ಹೊರಡಬೇಡಿ. ಹೋಗಿದ್ದು ಮಲೇರಿಯಾ, ಸೊಳ್ಳೆ ಅಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಎರಡೂ ಕಡೆ ಇದೆ, ಅದೂ ಹಗಲು ಹೊತ್ತಿನಲ್ಲೇ ಕಚ್ಚುತ್ತದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಇದೇ ಈಡಿಸ್ ಹರಡಿದ ಚಿಕೂನ್‌ಗುನ್ಯಾ ಹಿಡಿದು ಮಲಗಿದ್ದರು.

ಹಾಗಾದರೆ ಲಕ್ಷದ್ವೀಪ? ಹವಳದ ದ್ವೀಪ, ನದಿಯಿಲ್ಲ, ಸುತ್ತ ಉಪ್ಪುನೀರು. ಸೊಳ್ಳೆ ಮೊಟ್ಟೆ ಇಡುವುದಾದರೂ ಎಲ್ಲಿ ಅನ್ನಿಸುತ್ತದೆ. ಅದಕ್ಕೆ ಇಲಿ ಸಹಾಯ ಮಾಡುತ್ತದೆ. ಮರದ ಮೇಲಿನ ಕಾಯಿಗೆ ಇಲಿ ತೂತು ಕೊರೆಯುತ್ತದೆ, ಕಾಯಿ ಕೆಳಗೆ ಬೀಳುತ್ತದೆ, ತೂತಿನೊಳಗೆ ಮಳೆನೀರು ನಿಲ್ಲುತ್ತದೆ. ಈಡಿಸ್‌ಗೆ ಅಷ್ಟು ನೀರು ಧಾರಾಳವಾಯಿತು. ತೆಂಗಿನ ಮರ ಬೇಕು, ಸೊಳ್ಳೆ ಬೇಡ ಅನ್ನುವುದು ಸ್ವಲ್ಪ ದುರಾಸೆಯೇ. ಅಂದ ಹಾಗೆ, ಲಕ್ಷದ್ವೀಪದ ಅಮಿನಿದೀವಿ ಭಾಗ 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಸೊಳ್ಳೆ ವಿಷಯದಲ್ಲಿ ಆ ನಂಟು ಇನ್ನೂ ಬಿಟ್ಟ ಹಾಗಿಲ್ಲ.

ನಿಜವಾಗಿಯೂ ಸೊಳ್ಳೆಯೇ ಇಲ್ಲದ ದ್ವೀಪ ಒಂದಿತ್ತು: ಹವಾಯಿ. 1826ರ ಸುಮಾರಿಗೆ ವೆಲಿಂಗ್ಟನ್ ಎಂಬ ಹಡಗು ಮಾವಿ ದ್ವೀಪದ ಲಹೈನಾಕ್ಕೆ ಬಂತಂತೆ. ನಾವಿಕರು ಪೀಪಾಯಿಯಲ್ಲಿ ಉಳಿದಿದ್ದ ಹಳೇ ನೀರನ್ನು ಅಲ್ಲಿನ ತೊರೆಗೆ ಸುರಿದು ಹೊಸ ನೀರು ತುಂಬಿಕೊಂಡರು. ಹಳೇ ನೀರಿನ ಜೊತೆ ಸೊಳ್ಳೆಮರಿಗಳೂ ಇಳಿದವು. ಮುಂದೆ ಅವು ಹರಡಿದ ಹಕ್ಕಿ ಮಲೇರಿಯಾದಿಂದ ಅಲ್ಲಿನ ಎಷ್ಟೋ ಜಾತಿಯ ಹಾಡುಹಕ್ಕಿಗಳೇ ಅಳಿದುಹೋದವು. ಕೊಡ ತೊಳೆಯಲು ಬಂದವರು ಬಾವಿಯನ್ನೇ ಕೆಡಿಸಿ ಹೋದಂತೆ.

ಚಳಿಯಾದರೂ ಸರಿ, ಐಸ್‌ಲ್ಯಾಂಡಿಗೆ ಹೋಗೋಣ ಅಂತಲೂ ಒಮ್ಮೆ ಹೇಳಿದ್ದೆ. 2025ರ ಅಕ್ಟೋಬರಿನಲ್ಲಿ ಅಲ್ಲೂ ಸೊಳ್ಳೆ ಸಿಕ್ಕಿತು. ಮೂರೇ ಮೂರು. ನಾನು ಹೋದರೆ ಆ ಮೂರಕ್ಕೂ ಊಟವಾಗುತ್ತದೆ.

ಈಗ ನಾನು ದ್ವೀಪದ ಹೆಸರು ನೋಡುವುದು ಬಿಟ್ಟು ಗಾಳಿ ನೋಡುತ್ತೇನೆ. ಸೊಳ್ಳೆಗೆ ಹಾರಾಟದಲ್ಲಿ ಅಂಥ ಬಲವಿಲ್ಲ. ಗಾಳಿ ಜೋರಾದರೆ ಎಲೆಮರೆ ಸೇರುತ್ತದೆ. ಆದ್ದರಿಂದ ಸಮುದ್ರದ ಗಾಳಿ ನೇರ ಬೀಸುವ ಕಡೆ ಕೋಣೆ ಬೇಕು, ಮಳೆಗಾಲ ಬೇಡ, ತೋಟ ಹತ್ತಿರವಿರಬಾರದು. ಸ್ಪಾ, ಈಜುಕೊಳ ಏನಿದ್ದರೇನು, ಸೀಲಿಂಗ್ ಫ್ಯಾನ್ ಜೋರಾಗಿ ತಿರುಗಬೇಕು.

ಮೊನ್ನೆ ಒಂದು ರೆಸಾರ್ಟಿಗೆ ಫೋನ್ ಮಾಡಿ, ‘ನಿಮ್ಮಲ್ಲಿ ಇಲಿ ಇದೆಯಾ?’ ಅಂತ ಕೇಳಿದೆ. ಬುಕಿಂಗ್ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ನಮ್ಮದು ಫೈವ್ ಸ್ಟಾರ್’ ಅಂದ. ಬಿದ್ದ ತೆಂಗಿನಕಾಯಿಗಳನ್ನು ದಿನಾ ಆರಿಸ್ತೀರಾ ಅಂತ ಕೇಳುವಷ್ಟರಲ್ಲಿ ಹೆಂಡತಿ ಫೋನ್ ಕಿತ್ತುಕೊಂಡಳು.