ಕಿಡಿ ಬಂತಲ್ಲ ಸಾರ್!

ತುಮಕೂರಿನ ಗುಜರಿ ಅಂಗಡಿಯಲ್ಲಿ ಹಳೇ ಕಾರಿನ ಇಗ್ನಿಷನ್ ಕಾಯಿಲ್, ಅಂದರೆ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಡಬ್ಬಿ, ಕೇಳಿ ನೋಡಿ, ಪರೀಕ್ಷೆ ಮಾಡದೆ ಕೊಡುವವರಲ್ಲ. ಒಂದು ತಿರುಪಿಗೆ ಬ್ಯಾಟರಿಯ ಮೈನಸ್ ವೈರು ಸುತ್ತಿ, ಇನ್ನೊಂದು ತಿರುಪಿನ ವೈರನ್ನು ಪ್ಲಸ್ ತಲೆಯ ಮೇಲೆ ಸರ್ರನೆ ಗೀರುತ್ತಾರೆ. ಚಟ್! ‘ಕಿಡಿ ಬಂತಲ್ಲ ಸಾರ್!’

ಬಂತು. ಬ್ಯಾಟರಿ ತಲೆಯ ಮೇಲೆ ಬಂತು. ಬರಬೇಕಾದದ್ದು ಕಾಯಿಲಿನ ನಡುನೆತ್ತಿಯಿಂದ ಹೊರಡುವ ದಪ್ಪ ಎಚ್.ಟಿ. (ಹೈ ಟೆನ್ಷನ್) ವೈರಿನ ತುದಿಯಲ್ಲಿ. ಬ್ಯಾಟರಿ ಮೇಲೆ ಗೀರಿದರೆ ಬೇಲಿ ತಂತಿಯೂ ಕಿಡಿ ಕೊಡುತ್ತದೆ, ಅದನ್ನೂ ಕಾಯಿಲ್ ಎಂದು ಮಾರಬಹುದು. ಮಲ್ಟಿಮೀಟರ್ ತೆಗೆದರಂತೂ ಆತ, ಸಂತೆಗೆ ಸ್ವಂತ ತಕ್ಕಡಿ ತಂದವರನ್ನು ನೋಡುವ ಹಾಗೆ ನೋಡುತ್ತಾನೆ. ಹಳೇ 12 ವೋಲ್ಟ್ ಕಾಯಿಲಿನ ಎರಡು ತಿರುಪಿನ ನಡುವೆ ಸುಮಾರು 3 ಓಮ್, ಕರೆಂಟು ತಗ್ಗಿಸಲು ಹೊರಗೊಂದು ರೆಸಿಸ್ಟರ್ ಬೇಡುವ ಬ್ಯಾಲಸ್ಟ್ ಜಾತಿಯದಾದರೆ ಒಂದೂವರೆ; ತಿರುಪಿಗೂ ನಡುನೆತ್ತಿಗೂ 6ರಿಂದ 15 ಕಿಲೋ ಓಮ್ ಇರಬೇಕು. ಈ ಎರಡನೆಯ ಕಡೆ ಮೀಟರ್ ಏನೂ ತೋರಿಸದಿದ್ದರೆ ಒಳಗೆ ಸೆಕೆಂಡರಿ, ಅಂದರೆ ಎಚ್.ಟಿ. ಕಡೆಯ ಸುರುಳಿ, ಹರಿದಿದೆ. ಆದರೂ ಆ ‘ಚಟ್’ ಬಂದೇ ಬರುತ್ತದೆ, ಯಾಕೆಂದರೆ ಅದು ಪ್ರೈಮರಿಯ, ಅಂದರೆ ಎರಡು ತಿರುಪಿನ ನಡುವಿನ ಸುರುಳಿಯ, ಕೂಗು.

ಒಮ್ಮೊಮ್ಮೆ ಗೀರುವ ಭರದಲ್ಲಿ ಆತನ ಇನ್ನೊಂದು ಕೈ ತಿರುಪಿನ ಮೇಲಿರುತ್ತದೆ. ವೈರು ಬಿಟ್ಟ ಗಳಿಗೆಯಲ್ಲಿ ಪ್ರೈಮರಿಯಲ್ಲೇ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ಆತ ಅಯ್ಯೋ ಎಂದು ಒಂದು ಮಾರು ಹಿಂದೆ ಹಾರಿ, ಕೈ ಕೊಡವಿಕೊಂಡು, ಹೆಮ್ಮೆಯಿಂದ ‘ಪವರ್ ನೋಡಿ ಸಾರ್’ ಅನ್ನುತ್ತಾನೆ. ಸತ್ತ ಕಾಯಿಲಿಗೆ ಐವತ್ತು ರೂಪಾಯಿ ಜಾಸ್ತಿ.

ಕಾಯಿಲಿನ ಸ್ವಭಾವವೇ ಹಾಗೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದಿಟ್ಟಾಗ ಸುಮ್ಮನಿದ್ದು, ತಟ್ಟೆ ಎಳೆದುಕೊಂಡಾಗ ರಂಪ ಮಾಡುವ ಮಗುವಿನಂತೆ, ಕರೆಂಟು ಕೊಟ್ಟಾಗ ಅಲ್ಲ, ಕಿತ್ತುಕೊಂಡಾಗ ಕಿಡಿ. ಎಷ್ಟು ಥಟ್ಟನೆ ಕಿತ್ತರೆ ಅಷ್ಟು ಜೋರು. ಮನೆಯಲ್ಲಿ ಕಿಡಿ ಹಾರಿಸಿ ನೋಡಲು ಕಾಯಿಲಿಗೆ ಬ್ಯಾಟರಿ, ಬಟನ್ ಕಟ್ಟಿ, ಆ ಬಟನ್ ಒತ್ತಿ ಹಿಡಿದು ‘ಇನ್ನೂ ತುಂಬಲಿ’ ಎಂದು ಕಾಯುವವರಿದ್ದಾರೆ, ನಲ್ಲಿಗೆ ಕೊಡ ಇಟ್ಟವರ ಹಾಗೆ. ಅದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲೇ ತುಂಬಿಯಾಯಿತು. ಆಮೇಲೆ 4 ಆಂಪಿಯರ್ ಹರಿದು ಡಬ್ಬಿಯೊಳಗಿನ ಎಣ್ಣೆ ಕಾಯುತ್ತದೆ, ಬೋಂಡಾ ಬಿಡುವುದೊಂದೇ ಬಾಕಿ.

ಕಂಡೆನ್ಸರ್ (ಕೆಪಾಸಿಟರ್) ಮರೆತರೆ ಕಿಡಿಯೆಲ್ಲ ಸ್ವಿಚ್ಚಿನ ಬಾಯಲ್ಲೇ ಉರಿದು, ಎಚ್.ಟಿ. ತುದಿಗೆ ಬರುವುದು ಏದುಸಿರು. ಸ್ವಿಚ್ಚಿನ ಎರಡು ತುದಿಗೆ ಅಡ್ಡಲಾಗಿ 0.22 ಮೈಕ್ರೊಫ್ಯಾರಡ್, 630 ವೋಲ್ಟಿನದು ಸಾಕು. ‘ದೊಡ್ಡದಾದರೆ ಒಳ್ಳೆಯದಲ್ಲವೇ’ ಎಂದು ಫ್ಯಾನಿನ 2.5ರದ್ದನ್ನು ಹಾಕಿದರೆ ವೋಲ್ಟೇಜು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಎಚ್.ಟಿ. ತುದಿಗೂ ಬ್ಯಾಟರಿ ಮೈನಸ್‌ಗೂ ಆರೇಳು ಮಿಲಿಮೀಟರ್ ಸಂದು ಬಿಟ್ಟು ಗಟ್ಟಿಯಾಗಿ ಬಿಗಿಯಬೇಕು. ಹೊರಗೆ ದಾರಿ ಕಾಣದ 20,000 ವೋಲ್ಟು ಒಳಗಿನ ಇನ್ಸುಲೇಷನ್ನಿಗೇ ತೂತು ಕೊರೆಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಶೂರರಿಗೆ ಹೇಳಲು ನಮ್ಮಲ್ಲಿ ಏನೂ ಇಲ್ಲ.

ಇನ್ನು ‘ಇದೂ ಕಾಯಿಲ್ಲೇ’ ಎಂದು ದಾಟಿಸುವ, ನೇರ ಬ್ಯಾಟರಿಯಿಂದಲ್ಲ, ಕೆಪಾಸಿಟರಿನಿಂದ ಓಡುವ ಬೈಕಿನ ಸಿ.ಡಿ.ಐ. ಕಾಯಿಲ್. ಅದರ ಪ್ರೈಮರಿ ಅರ್ಧ ಓಮ್ ಸುಮಾರು. ಬ್ಯಾಟರಿಗೆ ನೇರ ಕಟ್ಟಿದರೆ ಇಪ್ಪತ್ತು ಆಂಪಿಯರ್ ಎಳೆದು ವೈರಿನ ಪ್ಲಾಸ್ಟಿಕ್ ಕರಗುತ್ತದೆ. ಕಿಡಿ ಇಲ್ಲ, ಹೊಗೆ ಇದೆ.

ಸರಿಯಾಗಿ ಕೂಡಿದರೆ ಸಣ್ಣಗೆ ನೀಲಿ ಗೆರೆ, ಓಜೋನ್ ವಾಸನೆ, ಪಕ್ಕದ ಮನೆ ರೇಡಿಯೊದಲ್ಲಿ ಗರಗರ. ಅಂಬಾಸಿಡರ್ ಬೀದಿಗೆ ತಿರುಗಿತೆಂದು ಆಕಾಶವಾಣಿಯ ವಾರ್ತೆ ಗೊರಗುಟ್ಟಿ ತಿಳಿಸುತ್ತಿದ್ದ ಕಾಲವಿತ್ತು. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಪ್ಲಗ್ಗಿಗೊಂದು ಪುಟ್ಟ ಕಾಯಿಲ್, ಒಳಗೇ ಟ್ರಾನ್ಸಿಸ್ಟರು, ಹೊರಗೆ ಗುಟ್ಟು ಬಿಡುವುದಿಲ್ಲ. ಎಣ್ಣೆ ಡಬ್ಬಿಗಳು ತೂಕಕ್ಕೆ ಹೋಗಿ ಕರಗುತ್ತಿವೆ.

ಇವತ್ತು ರಾಶಿಯ ಅಡಿಯಲ್ಲಿ ಒಂದು ಸಿಕ್ಕಿತು. ಮೀಟರಿನಲ್ಲಿ 3.1 ಓಮ್, ಇತ್ತ 9 ಕಿಲೋ ಓಮ್, ಬಂಗಾರ! ಅಂಗಡಿಯಾತ ಕಸಿದುಕೊಂಡು ಗೀರಿದ. ಆತನ ಬ್ಯಾಟರಿ ಇಳಿದುಹೋಗಿತ್ತು.

‘ಬೇಡ ಸಾರ್, ಇದು ಸತ್ತಿದೆ’ ಎಂದು ಎತ್ತಿ ತಾಮ್ರದ ರಾಶಿಗೆ ಎಸೆದ. ‘ಕಿಡಿ ಬರದಿದ್ದನ್ನು ನಾನು ಮಾರಲ್ಲ.’