ಸಮುದ್ರದ ತಳದಾಗೂ ಗುಡ್ಡ ಅದಾವು, ಅದಿರೂ ಐತಿ, ಸಂಡೂರಿನೋರು ಸ್ವಲ್ಪ ಓದ್ರಿ

ಎಕ್ಸಾಮಿಗೆ ಓದೋ ನಮ್ಮ ಹುಡುಗ್ರು ಖಂಡಾವರಣ ಪ್ರದೇಶ, ಖಂಡಾವರಣ ಇಳಿಜಾರು, ಸಾಗರ ಮೈದಾನ, ಸಾಗರ ತಗ್ಗು ಅಂತ ನಾಕು ಹೆಸರು ಬಾಯಿಪಾಠ ಮಾಡಿ ಪುಸ್ತಕ ಮುಚ್ಚಿಬಿಡ್ತಾರ. ಆದ್ರ ಇಡೀ ಕರ್ನಾಟಕದಾಗ ಆ ಪಾಠ ನೆಟ್ಟಗ ಓದ್ಬೇಕಾದೋರು ಅಂದ್ರ ಬಳ್ಳಾರಿ ಮಂದೀನೇ, ಯಾಕಂದ್ರ ಆ ಸಮುದ್ರದ ತಳಕ್ಕೂ ಈಗ ಗಣಿ ಲೆಕ್ಕ ಶುರು ಆಗೇತಿ.

ದಂಡಿ ಬಿಟ್ಟ ಕೂಡ್ಲೇ ಆಳ ಬರಂಗಿಲ್ಲ, ದಂಡಿಗೆ ಹತ್ತಿರದ ಆ ಕಡಿಮೆ ಆಳದ ತಳಾನೇ ಖಂಡಾವರಣ ಪ್ರದೇಶ. ಮುಂಬೈ ಕಡೆ ಖಂಡಾವರಣ ಪ್ರದೇಶ ಎಷ್ಟು ಅಗಲ ಅಂದ್ರ ಸುಮಾರು 160 ಕಿ.ಮೀ. ಒಳಗ ಹೋದ್ರೂ ಬಾಂಬೆ ಹೈ ಹತ್ರ ನೀರು ಬರೀ 75 ಮೀಟರ್ ಆಸುಪಾಸು, ಅದಕ್ಕೇ 1970ರ ದಶಕದಾಗೇ ಅಲ್ಲಿ ಎಣ್ಣೆ ತೆಗ್ಯಾಕ ಆತು. ಆಮೇಲೆ ಇಳಿಜಾರು, ಅದ್ರ ಕೆಳಗ ನಾಕೈದು ಸಾವಿರ ಮೀಟರ್ ಆಳದಾಗ ಮೈದಾನ.

ಈ ಮೈದಾನದ ಮ್ಯಾಲ ಆಲೂಗಡ್ಡೆ ಗಾತ್ರದ ಮ್ಯಾಂಗನೀಸ್ ಗಂಟು ಬಿದ್ದಾವು. ಮೀನಿನ ಹಲ್ಲೋ ಚಿಪ್ಪಿನ ಚೂರೋ ಸಿಕ್ರ ಅದ್ರ ಸುತ್ತ ಪದರ ಪದರಾಗಿ ಕಟ್ಕೊಂತ ಹತ್ತು ಲಕ್ಷ ವರ್ಷಕ್ಕ ಕೆಲವೇ ಮಿಲಿಮೀಟರ್ ಬೆಳಿತಾವು. ಒಳಗ ನಿಕಲ್, ತಾಮ್ರ, ಕೋಬಾಲ್ಟೂ ಐತಿ. ಹಿಂದೂ ಮಹಾಸಾಗರದ ನಡುವ 75,000 ಚದರ ಕಿ.ಮೀ. ಜಾಗದಾಗ ಇವನ್ನ ಹುಡುಕಾಕ ಭಾರತ 2002ರಾಗೇ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಒಪ್ಪಂದ ಮಾಡ್ಕೊಂಡೈತಿ. ಮ್ಯಾಂಗನೀಸ್ ಏನು ಅಂತ ಸಂಡೂರಿನೋರಿಗೆ ಹೇಳೋದು ಬ್ಯಾಡ.

ಇನ್ನು ನೀರೊಳಗಿನ ಗುಡ್ಡ. 15ನೇ ಶತಮಾನದಾಗ ನಮ್ಮ ಬೀದರಿಗೆ ಬಂದಿದ್ನಲ್ಲ ರಷ್ಯಾದ ಅಫನಾಸಿ ನಿಕಿತಿನ್, ಅವನ ಹೆಸರಿನ ಗುಡ್ಡ ಶ್ರೀಲಂಕಾದ ದಕ್ಷಿಣಕ್ಕ ಐತಿ, ತಳದಿಂದ ಮೂರು ಸಾವಿರ ಮೀಟರಿಗೂ ಎತ್ತರ, ಅಂದ್ರ ಮುಳ್ಳಯ್ಯನಗಿರಿ ಅದ್ರ ಮುಂದ ಗಿಡ್ಡ. ಅದ್ರ ಮೈಮ್ಯಾಲ ಕೋಬಾಲ್ಟಿನ ಪದರ, ಅದಕ್ಕ 2024ರಾಗ ಭಾರತ ಅರ್ಜಿ ಹಾಕ್ತು, ಅದು ನಮ್ದು ಅಂತ ಶ್ರೀಲಂಕಾನೂ ಕೂತೈತಿ.

ನನಗ ಬಾಳ ಹಿಡಿಸೋದು ಮಾತ್ರ ಸಾಗರದ ನಡುವಿನ ಪರ್ವತ ಸಾಲು. ಭೂಮಿ ಸುತ್ತ ಸುಮಾರು 65,000 ಕಿ.ಮೀ., ಹಿಮಾಲಯ ಯಾವ ಲೆಕ್ಕ! 1950ರ ದಶಕದಾಗ ಮೇರಿ ಥಾರ್ಪ್ ಅನ್ನೋ ಅಮೆರಿಕದ ಹೆಣ್ಮಗಳು ಹಡಗಿನೋರು ತಂದ ಆಳದ ಅಂಕಿ ಇಟ್ಕೊಂಡು ನಕಾಶೆ ಬರದು, ಅಟ್ಲಾಂಟಿಕ್ ಸಾಲಿನ ನೆತ್ತಿ ಸೀಳೈತಿ ಅಂತ ತೋರಿಸಿದ್ಲು. ಜೊತಿಗಿದ್ದ ಗಂಡಸು ಮೊದ್ಲು ಇದು ಹೆಂಗಸರ ಮಾತು ಅಂದುಬಿಟ್ಟ, ಹಡಗು ಹತ್ತಾಕೂ ಹೆಣ್ಮಕ್ಳಿಗೆ ಆವಾಗ ಬಿಡ್ತಿರ್ಲಿಲ್ಲ. ಆ ಸೀಳಿನಾಗೇ ಹೊಸ ತಳ ಹುಟ್ತೈತಿ ಅಂತ ಆಮೇಲೆ ಎಲ್ರೂ ಒಪ್ಪಿದ್ರು. ಅರಬ್ಬಿ ಸಮುದ್ರದಾಗಿನ ಇದೇ ಸಾಲಿನ ಭಾಗ ಕಾರ್ಲ್ಸ್‌ಬರ್ಗ್ ರಿಡ್ಜ್ (ಹೌದು, ಬಿಯರ್ ಹೆಸರೇ), ಅಂಥ ಸೀಳಿನಾಗ ಬಿಸಿನೀರು ಉಕ್ಕಿ ತಾಮ್ರ ಸತುವಿನ ಗಂಧಕದ ಅದಿರು ಕೂಡಿಡ್ತೈತಿ, ಅದನ್ನ ಹುಡುಕಾಕ 2025ರಾಗ ಅದೇ ಪ್ರಾಧಿಕಾರದ ಜೊತೆ ಭಾರತದ ಒಪ್ಪಂದ ಆತು.

ಮೈದಾನಕ್ಕೊಂದು, ಗುಡ್ಡಕ್ಕೊಂದು, ಸಾಲಿಗೊಂದು ಅದಿರು. ಆದ್ರ ಜಗತ್ತಿನ ಸಮುದ್ರ ತಳದಾಗ ಸರಿಯಾಗಿ ಅಳದಿರೋದು ಕಾಲು ಭಾಗದಷ್ಟೇ. 1989ರಾಗ ಪೆರು ದೇಶದ ಕಡೆ ಸಮುದ್ರತಳಾನ ಪರೀಕ್ಷೆಗಂತ ನೇಗಿಲು ಹೊಡದಂಗ ಕೆದರಿದ್ರು, 2015ರಾಗ ಹೋಗಿ ನೋಡಿದ್ರ ಗೀರು ಹಂಗೇ ಇದ್ವು. ಇಲ್ಲಿ ಬಳ್ಳಾರಿಯಾಗ 2011ರಾಗ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸೋ ಹೊತ್ತಿಗೆ ಕೆಂಪು ಧೂಳಿನಾಗ ಗಿಡದ ಎಲೆ ಬಣ್ಣಾನೇ ಗೊತ್ತಾಗ್ತಿರ್ಲಿಲ್ಲ, ಆದ್ರ ಅದು ಕಣ್ಣಿಗೆ ಕಾಣ್ತಿತ್ತು, ಕಂಡಿದ್ದಕ್ಕೇ ಕೇಸ್ ಆತು. 5,000 ಮೀಟರ್ ಕೆಳಗ ಯಾರು ಹೋಗಿ ನೋಡ್ತಾರ?

ಬ್ಯಾಟರಿಗೆ ಕೋಬಾಲ್ಟ್ ಬೇಕು, ಗೊತ್ತೈತ್ರಿ. ಆಳ ಸಮುದ್ರಕ್ಕ ಇಳಿಯೋ ಭಾರತದ ಜಲನೌಕೆ ಮತ್ಸ್ಯ 6000ರಾಗ ಮೂರು ಮಂದಿ ಕೂತು ಇಳಿಯೋದು ನೋಡಾಕ ನಂಗೂ ಆಸೆ ಐತಿ. ಇಳೀಲಿ, ಫೋಟೋ ತರ್ಲಿ, ಕೆಸರು ತಂದು ಪರೀಕ್ಷೆ ಮಾಡ್ಲಿ, ಪೂರ್ತಿ ನಕಾಶೆ ಬರೀಲಿ. ಟನ್ ಲೆಕ್ಕ ಆಮೇಲೆ ಹಾಕೋಣು.