ಫಲಾಫೆಲ್ ಅಂದ್ರೆ ನಂಗೆ ಅಜ್ಜಿಯ ಆಂಬೊಡೆನೇ

ನಿಮ್ಮ ರೆಸಿಪಿಲಿ ಫಲಾಫೆಲ್‌ಗೆ, ಅಂದ್ರೆ ಅರಬ್ ಕಡೆಯ ಕರಿದ ವಡೆಗೆ, ಕಾಬೂಲ್ ಕಡ್ಲೆ ಬೇಯಿಸಿ ರುಬ್ಬಿ ಅಂತ ಬರ್ದಿದೀರಲ್ಲ, ದಯವಿಟ್ಟು ಬೇಯಿಸ್ಬೇಡಿ, ರಾತ್ರಿಯೆಲ್ಲ ನೆನೆಸಿ ನೀರು ಪೂರ್ತಿ ಬಸಿದು ಹಸಿಯಾಗೇ ತರಿತರಿಯಾಗಿ ರುಬ್ಬಿ, ಬೇಯಿಸಿದ್ರೆ ಎಣ್ಣೇಲಿ ಒಡೆದು ಹೋಗತ್ತೆ. ನಮ್ಮ ಬಸವನಗುಡಿ ಮನೇಲಿ ಅಜ್ಜಿ ಕಡ್ಲೆಬೇಳೆ ಆಂಬೊಡೆಗೆ ಹೀಗೇ ಮಾಡ್ತಿದ್ರು, ಒರಳಿಗೆ ಒಂದು ಹನಿ ನೀರು ಹಾಕಕ್ಕೆ ಬಿಡ್ತಿರ್ಲಿಲ್ಲ, ಒಂದು ಹಿಡಿ ಬೇಳೆ ಹಾಗೇ ಎತ್ತಿಟ್ಟು ಕೊನೇಲಿ ಸಬ್ಬಸಿಗೆ ಸೊಪ್ಪಿನ ಜೊತೆ ಕಲಸೋರು. ಈಜಿಪ್ಟಲ್ಲಿ ಕಡ್ಲೆ ಬದ್ಲು ಒಣಗಿದ ಫಾವಾ ಬೀನ್ಸ್ (ನಮ್ಮ ಅವರೆ ಥರದ ಕಾಳು) ಹಾಕ್ತಾರೆ, ತಾಮಿಯಾ ಅಂತಾರೆ, ಸೊಪ್ಪು ಜಾಸ್ತಿ ಇರೋದ್ರಿಂದ ಮುರಿದ್ರೆ ಒಳಗೆ ಹಸಿರು ಹಸಿರು. ನಾನು ಜನವರಿಲಿ ಗಾಂಧಿಬಜಾರಿಂದ ಸೊಗಡವರೆ ತಂದು ಹಿತಕಿದ ಬೇಳೇಲೇ ಮಾಡ್ದೆ, ಸ್ವಲ್ಪ ಅಕ್ಕಿಹಿಟ್ಟು ಸೇರಿಸ್ಬೇಕಾಯ್ತು ಅಷ್ಟೇ, ಅಮ್ಮ ಒಂದು ಮುರಿದು ಮೂಸಿ ನೋಡಿ "ನಮ್ಮತ್ತೆ ಕೈರುಚಿ ಕಣೇ ಇದು" ಅಂದ್ರು.